ರೋಹ್ನಾ ಹಡಗಿನ 117 ಹೆಸರುಗಳು: ಕೇಂದ್ರ ಹಡಗು ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಬಂದರು, ಹಡಗು ಸಾರಿಗೆ ಮತ್ತು ಜಲಮಾರ್ಗಗಳ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ಪ್ರತಿ: ಹಡಗು ಸಾರಿಗೆ ಮಹಾನಿರ್ದೇಶಕರು, ಮುಂಬೈ.

ವಿಷಯ: 1943ರ ನವೆಂಬರ್ 26ರಂದು ಮುಳುಗಿದ ಸೈನಿಕ ಸಾಗಣೆ ಹಡಗು ‘ರೋಹ್ನಾ’ದ ಭಾರತೀಯ ನಾವಿಕರ ಹೆಸರು, ಹುದ್ದೆ, ಊರುಗಳನ್ನು ಪ್ರಕಟಿಸುವ ಕುರಿತು.

ಮಾನ್ಯರೇ,

ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ದಾಳಿಯಿಂದ ಸಮುದ್ರದ ಮೇಲೆ ಅಮೆರಿಕದ ಸೈನಿಕರು ಅತಿ ಹೆಚ್ಚು ಸಂಖ್ಯೆಯಲ್ಲಿ ಸತ್ತದ್ದು ರೋಹ್ನಾ ಎಂಬ ಹಡಗಿನಲ್ಲಿ. ಆ ಹಡಗು ಅಮೆರಿಕದ್ದಾಗಿರಲಿಲ್ಲ. ಯುದ್ಧಕ್ಕೆ ಮೊದಲು ಮದರಾಸಿನಿಂದ ಮಲಯಾ, ಸಿಂಗಪುರಗಳಿಗೆ ನಮ್ಮ ಜನರನ್ನು ಒಯ್ಯುತ್ತಿದ್ದ ಹಡಗು ಅದು. ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು, ಚುಕ್ಕಾಣಿ ಹಿಡಿಯುತ್ತಿದ್ದವರು, ಅಡುಗೆ ಮಾಡಿ ಬಡಿಸುತ್ತಿದ್ದವರು ಬಹುತೇಕ ಭಾರತೀಯರು. ಸತ್ತ ಸೈನಿಕರೂ ಬರುತ್ತಿದ್ದುದು ಭಾರತಕ್ಕೇ. ಆದರೂ ಈ ಹಡಗಿನ ಕತೆಯನ್ನು ಯಾರು ಹೇಳಿದರೂ ನಮ್ಮ ನಾವಿಕರು ಒಂದು ಸಂಖ್ಯೆಯಾಗಿ ಬಂದು ಹೋಗುತ್ತಾರೆ. ಕೆಲವೊಮ್ಮೆ ಅಪವಾದ ಹೊತ್ತುಕೊಂಡು ಬರುತ್ತಾರೆ. ಇದನ್ನು ಸರಿಪಡಿಸುವ ಅಧಿಕಾರ, ಅದಕ್ಕೆ ಬೇಕಾದ ದಾಖಲೆ ಎರಡೂ ತಮ್ಮ ಸಚಿವಾಲಯದ ಕೈಯಲ್ಲಿರುವುದರಿಂದ ಈ ಪತ್ರ.

ಮೊದಲು ಹಡಗಿನ ಸೇವಾ ಚರಿತ್ರೆ. ರೋಹ್ನಾ ಕಟ್ಟಿದ್ದು ಇಂಗ್ಲೆಂಡಿನ ಟೈನ್ ನದಿಯ ದಡದ ಹೆಬ್ಬರ್ನ್‌ನಲ್ಲಿ, ಹಾಥಾರ್ನ್ ಲೆಸ್ಲಿ ಕಂಪನಿಯ ಕಾರ್ಖಾನೆಯಲ್ಲಿ. ನೀರಿಗಿಳಿದದ್ದು 1926ರ ಆಗಸ್ಟ್‌ನಲ್ಲಿ, ಕೆಲಸ ಮುಗಿದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಒಟ್ಟು ಟನ್ನೇಜು 8,602, ಉದ್ದ 461 ಅಡಿ, ಎರಡು ಪ್ರೊಪೆಲ್ಲರು, ಅವುಗಳನ್ನು ತಿರುಗಿಸಲು ಹಬೆಯನ್ನು ನಾಲ್ಕು ಹಂತಗಳಲ್ಲಿ ಹಿಗ್ಗಿಸಿ ಬಳಸುವ ಎರಡು ಎಂಜಿನು. ಮಾಲೀಕರು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ, ಜನರ ಬಾಯಲ್ಲಿ ‘ಬಿ.ಐ.’ ಇದೇ ವರ್ಷ, ಇದೇ ಮಾರ್ಗಕ್ಕೆಂದು ಸ್ಕಾಟ್ಲೆಂಡಿನಲ್ಲಿ ಕಟ್ಟಿಸಿದ ಜೋಡಿ ಹಡಗು ರಾಜುಲಾ. ಇವು ಐಷಾರಾಮಿ ಹಡಗುಗಳಲ್ಲ. ಮೇಲೆ ಕೆಲವೇ ಕ್ಯಾಬಿನ್, ಕೆಳಗೆ ಉದ್ದಕ್ಕೂ ತೆರೆದ ಡೆಕ್ಕು. ಚಾಪೆ ಹಾಸಿ, ಪೆಟ್ಟಿಗೆ ತಲೆದಿಂಬು ಮಾಡಿಕೊಂಡು ಸಾವಿರಾರು ಜನ ಪ್ರಯಾಣಿಸುತ್ತಿದ್ದ ಜಾಗ ಅದು. ರಾಜುಲಾಕ್ಕೆ ಐದು ಸಾವಿರಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಪರವಾನಗಿ ಇತ್ತೆಂದರೆ ವಿನ್ಯಾಸದ ಉದ್ದೇಶ ಅರ್ಥವಾಗುತ್ತದೆ.

1940ರಲ್ಲಿ ಬ್ರಿಟಿಷ್ ಸರ್ಕಾರ ರೋಹ್ನಾವನ್ನು ಯುದ್ಧಕ್ಕೆ ವಶಪಡಿಸಿಕೊಂಡಿತು. ಹೆಸರಿನ ಹಿಂದೆ ‘ಎಚ್.ಎಂ.ಟಿ.’ ಸೇರಿತು, ಎಂದರೆ ದೊರೆಯ ಸಾಗಣೆ ಹಡಗು. ಕ್ವೀನ್ ಮೇರಿಯಂಥ ದೊಡ್ಡ ಲೈನರನ್ನು ಸೈನಿಕರ ಹಡಗಾಗಿ ಮಾರ್ಪಡಿಸುವಾಗ ರತ್ನಗಂಬಳಿ ಸುತ್ತಿಡಬೇಕು, ಪಿಂಗಾಣಿ, ಪೀಠೋಪಕರಣ ಇಳಿಸಬೇಕು, ಕ್ಯಾಬಿನ್ನುಗಳಲ್ಲಿ ಒಂದರ ಮೇಲೊಂದು ಮಂಚ ಕಟ್ಟಬೇಕು. ಡೆಕ್ ಪ್ರಯಾಣಿಕರ ಹಡಗಿಗೆ ಅಷ್ಟು ಕೆಲಸ ಬೇಕಿರಲಿಲ್ಲ. ಅಲ್ಲಿ ಚಾಪೆಯ ಜಾಗಕ್ಕೆ ಊಟದ ಉದ್ದ ಮೇಜು ಬರುತ್ತದೆ, ರಾತ್ರಿ ಅದರ ಮೇಲೆಯೇ ತೂಗುಹಾಸಿಗೆ ಕಟ್ಟುತ್ತಾರೆ, ಸೈನಿಕರ ಡೆಕ್ಕುಗಳಿಗೆ ಸಂಖ್ಯೆ ಕೊಡುತ್ತಾರೆ. ಮಾರ್ಪಾಡು ಸುಲಭ, ಅಪಾಯವೂ ಅಲ್ಲೇ. ಏಣಿಗಳು ಕಡಿಮೆ, ನೀರಿನ ಮಟ್ಟಕ್ಕೆ ಹತ್ತಿರದ ಡೆಕ್ಕುಗಳಲ್ಲಿ ನೂರಾರು ಜನ. ವೇಗದ ಮಾತಂತೂ ಆಡುವಂತಿಲ್ಲ. 1943ರ ಜುಲೈನಲ್ಲಿ ಸೈನಿಕರು, ಸಿಬ್ಬಂದಿ ಸೇರಿ 16,683 ಜನರನ್ನು ಒಂದೇ ಯಾನದಲ್ಲಿ ಅಟ್ಲಾಂಟಿಕ್ ದಾಟಿಸಿದ ಕ್ವೀನ್ ಮೇರಿಗೆ 28 ನಾಟ್ ಮೀರಿದ ವೇಗವೇ ರಕ್ಷಣೆ. ಜಲಾಂತರ್ಗಾಮಿಗಳಿಗೆ ಸಿಗದೆ ಒಂಟಿಯಾಗಿ ಓಡುತ್ತಿತ್ತು. ರೋಹ್ನಾಕ್ಕೆ ಅದರ ಅರ್ಧ ವೇಗವೂ ಇರಲಿಲ್ಲ. ಬೆಂಗಾವಲಿನ ನಡುವೆ, ಸಾಲಿನಲ್ಲಿ, ಉಳಿದವರ ಹೆಜ್ಜೆಗೆ ಹೆಜ್ಜೆ ಹಾಕಿ ಹೋಗುವುದೊಂದೇ ದಾರಿ.

1943ರ ನವೆಂಬರ್ 25ರಂದು ಅಲ್ಜೀರಿಯಾದ ಓರಾನ್‌ನಿಂದ ಹೊರಟ ರೋಹ್ನಾ, ಬ್ರಿಟನ್ನಿನಿಂದ ಪೂರ್ವಕ್ಕೆ ಬರುತ್ತಿದ್ದ ‘ಕೆ.ಎಂ.ಎಫ್. 26’ ಎಂಬ ಬೆಂಗಾವಲಿನ ಹಡಗುಸಾಲನ್ನು ಸೇರಿಕೊಂಡಿತು. ಕ್ಯಾಪ್ಟನ್ ಥಾಮಸ್ ಮರ್ಫಿ, ಆಸ್ಟ್ರೇಲಿಯಾದವರು. ಸಿಬ್ಬಂದಿ 195. ಹಡಗಿನಲ್ಲಿದ್ದ ಅಮೆರಿಕದ ಸೈನಿಕರು 1,981. ಅವರಲ್ಲಿ ದೊಡ್ಡ ಪಾಲು ವಿಮಾನ ನಿಲ್ದಾಣ ಕಟ್ಟುವ 853ನೇ ಎಂಜಿನಿಯರ್ ಬೆಟಾಲಿಯನ್ನಿನವರು. ಸೂಯೆಜ್ ಕಾಲುವೆ ದಾಟಿ ಭಾರತಕ್ಕೆ ಬಂದು, ಚೀನಾ-ಬರ್ಮಾ-ಭಾರತ ರಣರಂಗದಲ್ಲಿ ಕೆಲಸ ಮಾಡಬೇಕಾಗಿದ್ದವರು.

ಮರುದಿನ ಸಂಜೆ, ಬೂಜಿ ಬಂದರಿನ ಆಚೆಗಿನ ಸಮುದ್ರದಲ್ಲಿ, ಜರ್ಮನ್ ವಿಮಾನಗಳು ಈ ಹಡಗುಸಾಲಿನ ಮೇಲೆ ಎರಗಿದವು. ಇಂದು ಆ ಊರು ಬೆಜಾಯಾ. ಹೈಂಕೆಲ್ 177 ವಿಮಾನವೊಂದು ಬಿಟ್ಟ ಹೆನ್ಶೆಲ್ 293 ಅಸ್ತ್ರ ರೋಹ್ನಾಕ್ಕೆ ತಗುಲಿತು. ಇದು ಸಾಮಾನ್ಯ ಬಾಂಬಲ್ಲ. ಸುಮಾರು ಮೂರು ಮೀಟರ್ ಅಗಲದ ರೆಕ್ಕೆ, ಹೊಟ್ಟೆಯ ಕೆಳಗೆ ಪುಟ್ಟ ರಾಕೆಟ್, ಬಾಲದಲ್ಲಿ ಉರಿಯುವ ದೀಪ. ವಿಮಾನದಲ್ಲಿ ಕೂತವನು ಆ ದೀಪವನ್ನು ನೋಡುತ್ತಾ ಒಂದು ಸಣ್ಣ ಹಿಡಿಯನ್ನು ಅತ್ತಿತ್ತ ಸರಿಸಿ, ರೇಡಿಯೋ ಸಂಕೇತದಿಂದ ಅದನ್ನು ಗುರಿಯತ್ತ ತಿರುಗಿಸುತ್ತಿದ್ದ. ಇದೇ ಬಗೆಯ ಅಸ್ತ್ರ ಅದಕ್ಕೆ ಮೂರು ತಿಂಗಳ ಮೊದಲು ಎಗ್ರೆಟ್ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಮುಳುಗಿಸಿತ್ತು. ಸಾಲು ಬಿಟ್ಟು ತಿರುಗಲಾಗದ ನಿಧಾನದ ಸಾಗಣೆ ಹಡಗು ಇಂಥ ಅಸ್ತ್ರದಿಂದ ತಪ್ಪಿಸಿಕೊಳ್ಳುವುದು ಹೇಗೆ?

ಹೊಡೆತ ಬಿದ್ದದ್ದು ಎಡ ಮಗ್ಗುಲಿಗೆ, ಎಂಜಿನ್ ಕೋಣೆಯ ಹಿಂತುದಿ ಮತ್ತು ಆರನೇ ಸೈನಿಕ ಡೆಕ್ಕು ಇದ್ದ ಕಡೆ. ಸ್ಫೋಟದ ಬಲಕ್ಕೆ ಬಲ ಮಗ್ಗುಲಿನ ತಗಡೂ ಹೊರಕ್ಕೆ ಹರಿದುಹೋಯಿತು. ವಿದ್ಯುತ್ ಹೋಯಿತು, ವಿದ್ಯುತ್ತಿನ ಜೊತೆ ಪಂಪುಗಳೂ ನಿಂತವು, ಬೆಂಕಿ ಆರಿಸಲು ನೀರಿಲ್ಲ, ಒಳಗೆ ನುಗ್ಗಿದ ನೀರನ್ನು ಹೊರಹಾಕಲು ಶಕ್ತಿಯಿಲ್ಲ. ಸುಮಾರು ಒಂದೂವರೆ ಗಂಟೆಯಲ್ಲಿ ಹಡಗು ಹಿಂಭಾಗ ಮೊದಲಾಗಿ ಮುಳುಗಿತು. ಆಗಲೇ ಕತ್ತಲೆ. ಸಮುದ್ರ ಉಬ್ಬುತ್ತಿತ್ತು.

ಅಪವಾದ ಹುಟ್ಟಿಕೊಂಡಿದ್ದು ಈ ಒಂದೂವರೆ ಗಂಟೆಯಲ್ಲಿ. ಬದುಕುಳಿದ ಕೆಲವು ಸೈನಿಕರ ಹೇಳಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಭಾರತೀಯ ಸಿಬ್ಬಂದಿ ಸೈನಿಕರನ್ನು ಬಿಟ್ಟು ತಾವು ಮೊದಲು ದೋಣಿ ಹತ್ತಿದರು ಎಂದು. ಸಾವನ್ನು ಕಣ್ಣೆದುರು ಕಂಡವರ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಆ ಮಾತನ್ನು ಲೆಕ್ಕದ ಎದುರು ಇಟ್ಟು ನೋಡಬೇಕು. 1,981 ಸೈನಿಕರಲ್ಲಿ ಸತ್ತವರು 1,015, ನೂರಕ್ಕೆ 51. ಸಿಬ್ಬಂದಿ 195 ಜನರಲ್ಲಿ ಸತ್ತವರು 117, ನೂರಕ್ಕೆ 60. ಇವರಲ್ಲದೆ ಐವರು ಅಧಿಕಾರಿಗಳು, ಒಬ್ಬ ಫಿರಂಗಿಗಾರ ಸತ್ತರು, ಒಟ್ಟು 1,138. ಮೊದಲು ದೋಣಿ ಹತ್ತಿ ಪಾರಾದವರ ಪಾಲಿನ ಸಾವು ಉಳಿದವರಿಗಿಂತ ಹೆಚ್ಚಾಗುವುದು ಹೇಗೆ ಸಾಧ್ಯ?

ಹಡಗಿನ ಕೆಲಸ ಬಲ್ಲವರಿಗೆ ಇನ್ನೊಂದು ವಿಷಯವೂ ಗೊತ್ತು. ಪ್ರತಿ ಜೀವರಕ್ಷಕ ದೋಣಿಗೆ ನಿಗದಿಯಾದ ನಾವಿಕರಿರುತ್ತಾರೆ. ದೋಣಿ ಇಳಿಸುವ ಮೊದಲು ಅವರಲ್ಲಿ ಕೆಲವರು ಒಳಗಿರಲೇಬೇಕು. ತಳದ ತೂತಿಗೆ ಬಿರಡೆ ಹಾಕಬೇಕು, ಹಗ್ಗದ ಕೊಕ್ಕೆ ನೋಡಿಕೊಳ್ಳಬೇಕು, ನೀರು ಮುಟ್ಟಿದ ಕ್ಷಣ ಎರಡೂ ಕೊಕ್ಕೆಗಳನ್ನು ಒಟ್ಟಿಗೆ ಬಿಡಿಸಬೇಕು, ಹುಟ್ಟು ಹಾಕಿ ಹಡಗಿನ ಮಗ್ಗುಲಿನಿಂದ ದೂರ ತಳ್ಳಬೇಕು. ಇದು ಓಡಿಹೋಗುವುದಲ್ಲ, ಅವರಿಗೆ ವಹಿಸಿದ ಕೆಲಸ. ಭಾಷೆಯ ತೊಡಕೂ ಇತ್ತು. ಇಂಥ ಹಡಗುಗಳಲ್ಲಿ ಅಧಿಕಾರಿಯ ಆದೇಶ ಖಲಾಸಿಗಳ ಮುಖ್ಯಸ್ಥನಾದ ‘ಸಾರಂಗ’ನ ಬಾಯಿಂದ ಹಿಂದೂಸ್ತಾನಿಯಲ್ಲಿ ಖಲಾಸಿಗಳಿಗೆ ತಲುಪುತ್ತಿತ್ತು. ಅಮೆರಿಕದ ಸೈನಿಕನಿಗೆ ಆ ಕೂಗು ಗದ್ದಲವಾಗಿ ಕೇಳಿಸಿರಬೇಕು.

ದೋಣಿಗಳು ಕೈಕೊಟ್ಟದ್ದು ಏಕೆ ಎಂಬುದನ್ನೂ ಯಾರ ಮೇಲೂ ಹಗೆಯಿಲ್ಲದೆ ಹೇಳಬಹುದು. ರೋಹ್ನಾದಲ್ಲಿ 22 ದೋಣಿಗಳಿದ್ದವು. ನೀರಿಗಿಳಿದವು ಎಂಟೇ, ಅವುಗಳಲ್ಲೂ ಹೆಚ್ಚಿನವು ನೀರು ತುಂಬಿಕೊಂಡವು ಅಥವಾ ಮಗುಚಿದವು. ಕೆಲವು ಸ್ಫೋಟದಲ್ಲೇ ಒಡೆದಿದ್ದವು. ಉಳಿದವುಗಳಿಗೆ ತೊಂದರೆ ಕೊಟ್ಟದ್ದು ಇಳಿಸುವ ಹಗ್ಗ, ರಾಟೆ, ಕೊಕ್ಕೆ. ದೋಣಿಯ ಮೂತಿಗೊಂದು, ಹಿಂದಕ್ಕೊಂದು ಹೀಗೆ ಎರಡು ಹಗ್ಗಗಳನ್ನು ಇಬ್ಬರು ಒಂದೇ ಸಮನಾಗಿ ಸಡಿಲಿಸಬೇಕು. ಒಂದು ಕಡೆಯ ರಾಟೆ ತುಕ್ಕಿನಿಂದಲೋ, ಪದರ ಪದರ ಬಣ್ಣ ಬಳಿದದ್ದರಿಂದಲೋ ಕಚ್ಚಿಕೊಂಡಿತೆಂದರೆ ದೋಣಿ ಒಂದು ತುದಿಯಿಂದ ನೇತಾಡಿ ಒಳಗಿದ್ದವರೆಲ್ಲ ಸಮುದ್ರಕ್ಕೆ ಬೀಳುತ್ತಾರೆ. ಡೆಕ್ಕಿನ ಮಟ್ಟದಲ್ಲೇ ಜನ ಕಿಕ್ಕಿರಿದು ಹತ್ತಿದರೆ ಆ ಭಾರಕ್ಕೆ ಹಗ್ಗ ಕೈಯಲ್ಲಿ ನಿಲ್ಲುವುದಿಲ್ಲ. ನೀರು ಮುಟ್ಟಿದ ಮೇಲೂ ಕಷ್ಟ ಮುಗಿಯುವುದಿಲ್ಲ. ದೊಡ್ಡ ಅಲೆಯಲ್ಲಿ ದೋಣಿ ಎದ್ದಾಗ ಹಗ್ಗ ಸಡಿಲ, ಇಳಿದಾಗ ಬಿಗಿ. ಬಿಗಿದ ಕೊಕ್ಕೆ ಬಿಡಿಸಲು ಬರುವುದಿಲ್ಲ, ಒಂದು ಬಿಟ್ಟು ಇನ್ನೊಂದು ಉಳಿದರೆ ಮುಂದಿನ ಅಲೆಗೆ ದೋಣಿ ಮಗುಚುತ್ತದೆ. ತರಬೇತಿ ಪಡೆದ ಕೈಗಳಿಗೂ ಹಗಲಲ್ಲೇ ಕಷ್ಟದ ಕೆಲಸ. ಕತ್ತಲೆಯಲ್ಲಿ, ಬೆಂಕಿ ಹತ್ತಿದ ಹಡಗಿನಲ್ಲಿ, ಎರಡು ಸಾವಿರ ಜನರ ನಡುವೆ ಅದು ನಡೆಯಬೇಕಿತ್ತು. ದೋಣಿಗಳ ನಂತರ ತೆಪ್ಪಗಳನ್ನು ನೀರಿಗೆ ಎಸೆದರು. ಆ ಕೆಲಸದಲ್ಲಿ ಸೈನಿಕರ ಜೊತೆ ಸಿಬ್ಬಂದಿಯೂ ಇದ್ದರು.

ನೀರಿಗೆ ಬಿದ್ದ ಮೇಲೆ ಅನೇಕರನ್ನು ಕೊಂದದ್ದು ರಕ್ಷಣೆಗೆಂದು ಕೊಟ್ಟ ಬೆಲ್ಟೇ. ಅಮೆರಿಕದ ಸೈನಿಕರಿಗೆ ಕೊಟ್ಟಿದ್ದು ರಬ್ಬರಿನ ಜೋಡಿ ಕೊಳವೆಯ, ಅನಿಲ ತುಂಬಿಕೊಳ್ಳುವ ಪಟ್ಟಿ. ಅದನ್ನು ಕಂಕುಳಿನವರೆಗೆ ಎತ್ತಿ ಕಟ್ಟಿಕೊಳ್ಳಬೇಕು. ಸೊಂಟದಲ್ಲೇ ಬಿಟ್ಟರೆ ಊದಿಕೊಂಡ ಪಟ್ಟಿ ಸೊಂಟವನ್ನು ಮೇಲೆತ್ತುತ್ತದೆ, ಭಾರವಾದ ಬಟ್ಟೆ ತೊಟ್ಟ ಎದೆ ಮತ್ತು ತಲೆ ಕೆಳಗೆ ಹೋಗುತ್ತವೆ. ಹೀಗೆ ಕಾಲು ಮೇಲಾಗಿ ತೇಲುತ್ತಿದ್ದ ಶವಗಳನ್ನು ರಕ್ಷಕರು ಕಂಡರು. ಇದು ತಿಳಿಸಿಕೊಡದ ತಪ್ಪು; ಇದಕ್ಕೂ ಹಡಗಿನ ಸಿಬ್ಬಂದಿಗೂ ಸಂಬಂಧವಿಲ್ಲ. ಅಮೆರಿಕದ ಮೈನ್ ಶೋಧಕ ನೌಕೆ ಪಯನಿಯರ್ ಆ ರಾತ್ರಿ 606 ಜನರನ್ನು ನೀರಿನಿಂದ ಎತ್ತಿತು. ಆ ನಾವಿಕರಿಗೆ ಎರಡೂ ದೇಶಗಳ ಕುಟುಂಬಗಳು ಋಣಿ.

ಆಮೇಲೆ ಬಂದದ್ದು ಮೌನ. ರೇಡಿಯೋ ನಿಯಂತ್ರಿತ ಅಸ್ತ್ರ ಗುರಿ ಮುಟ್ಟಿದ ಸಂಗತಿ ಶತ್ರುವಿಗೆ ಖಚಿತವಾಗಬಾರದೆಂದು ಸುದ್ದಿಯನ್ನು ಮುಚ್ಚಿಟ್ಟರು, ಬದುಕುಳಿದವರಿಗೆ ಬಾಯಿ ಬಿಡಬಾರದೆಂದು ಹೇಳಿದರು. 495 ಜನರನ್ನು ಕಳೆದುಕೊಂಡ 853ನೇ ಬೆಟಾಲಿಯನ್ನಿನ ಕುಟುಂಬಗಳಲ್ಲಿ ಅನೇಕಕ್ಕೆ ಸತ್ಯ ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. ಆದರೂ ಅಲ್ಲಿ ಕೊನೆಗೆ ಏನಾದರೂ ಆಯಿತು. 1996ರಲ್ಲಿ ಅಲಬಾಮಾದ ಫೋರ್ಟ್ ಮಿಚೆಲ್ ರಾಷ್ಟ್ರೀಯ ಸ್ಮಶಾನದಲ್ಲಿ ಸ್ಮಾರಕ ಎದ್ದಿತು. 2000ದ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ನಿರ್ಣಯ ಅಂಗೀಕರಿಸಿ ಸೈನಿಕರಿಗೆ, ಅವರ ಕುಟುಂಬಗಳಿಗೆ, ರಕ್ಷಣೆಗೆ ಬಂದವರಿಗೆ ಕೃತಜ್ಞತೆ ಹೇಳಿತು. ಆ ನಿರ್ಣಯದ ಶೀರ್ಷಿಕೆಯಲ್ಲಿ ಸಿಬ್ಬಂದಿಯ ಮಾತು ಬರುವುದು ರಕ್ಷಣೆ ಪಡೆದವರೆಂದು ಮಾತ್ರ.

ಅಮೆರಿಕವನ್ನು ಇದಕ್ಕಾಗಿ ದೂರುವುದಿಲ್ಲ. ತಮ್ಮವರನ್ನು ಅವರು ನೆನೆದರು. ನಮ್ಮವರನ್ನು ನೆನೆಯಬೇಕಾದವರು ನಾವು. ನಮ್ಮ ದೂರು ಇರುವುದು ಇಲ್ಲೇ, ಮಾನ್ಯರೇ.

ಲಂಡನ್ನಿನ ಟವರ್ ಹಿಲ್‌ನಲ್ಲಿ ವ್ಯಾಪಾರಿ ನೌಕಾಪಡೆಯ ಸ್ಮಾರಕವಿದೆ. ಎರಡನೇ ಯುದ್ಧದ ಸುಮಾರು 24,000 ಹೆಸರುಗಳನ್ನು ಅಲ್ಲಿ ಹಡಗಿನ ಹೆಸರಿನಡಿ ಒಟ್ಟಿಗೆ ಕೊರೆದಿದ್ದಾರೆ. ದಾರಿಹೋಕನೂ ನಿಂತು ಓದಬಹುದು. ಅದೇ ಹಡಗುಗಳಲ್ಲಿ ದುಡಿದ ಭಾರತೀಯ ನಾವಿಕರ ಹೆಸರು ಆ ಗೋಡೆಯ ಮೇಲಲ್ಲ. ಮುಂಬೈನ ಮಸ್ಜಿದ್ ಬಂದರ್ ಬಳಿಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ ಆರು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರಿನ ಪಟ್ಟಿಯಿದೆ, ಅದರ ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿದೆ. ಒಂದೇ ಹಡಗಿನಲ್ಲಿ ಒಟ್ಟಿಗೆ ಸತ್ತವರನ್ನು ಚರ್ಮದ ಬಣ್ಣ, ಹುಟ್ಟಿದ ದೇಶ ನೋಡಿ ಎರಡು ಖಂಡಗಳಿಗೆ ಹಂಚಿದ ವ್ಯವಸ್ಥೆಯಿದು. ಮೊದಲ ಮಹಾಯುದ್ಧದ ಭಾರತೀಯ ಮತ್ತು ಆಫ್ರಿಕನ್ ಮೃತರ ಸ್ಮರಣೆಯಲ್ಲಿ ತಾರತಮ್ಯ ನಡೆದಿತ್ತೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ಒಪ್ಪಿ ಕ್ಷಮೆ ಕೇಳಿದೆ. ಎರಡನೇ ಯುದ್ಧದ ನಾವಿಕರ ವಿಷಯದಲ್ಲಿ ಅವರು ಕೇಳುವವರೆಗೆ ನಾವು ಕಾಯಬೇಕಿಲ್ಲ.

ಹೆಸರುಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇವೆ. ಆದರೆ ಬ್ರಿಟಿಷ್ ಗುಮಾಸ್ತನ ಕಿವಿಗೆ ಕೇಳಿದಂತೆ, ಇಂಗ್ಲಿಷ್ ಅಕ್ಷರಗಳಲ್ಲಿ, ತಂದೆಯ ಹೆಸರು, ಮನೆತನದ ಹೆಸರು ಕಲಸಿಹೋಗಿ ಇವೆ. ಇಂದಿನ ಬಾಂಗ್ಲಾದೇಶದ ನೋಖಾಲಿ, ಸಿಲ್ಹೆಟ್, ನಮ್ಮ ರತ್ನಾಗಿರಿ, ಗೋವಾಗಳಂಥ ನಾವಿಕರ ನಾಡುಗಳಲ್ಲಿ ಇಂದು ಬದುಕಿರುವ ಮೊಮ್ಮಗಳು ತನ್ನ ಅಜ್ಜನನ್ನು ಆ ಪಟ್ಟಿಯಲ್ಲಿ ಗುರುತಿಸುವುದು ಕಷ್ಟ.

ಆದ್ದರಿಂದ ನಮ್ಮ ಮೊದಲ ಕೋರಿಕೆ: ಸೈಲರ್ಸ್ ಹೋಮ್‌ನ ಪಟ್ಟಿಯನ್ನು ಹಡಗಿನ ಪ್ರಕಾರ ವಿಂಗಡಿಸಿ, ಭಾರತೀಯ ಭಾಷೆಗಳಲ್ಲಿ ಪ್ರಕಟಿಸಿ. ರೋಹ್ನಾದಿಂದ ಶುರುಮಾಡಿ. ಪ್ರತಿ ಹೆಸರಿನ ಮುಂದೆ ಹುದ್ದೆ ಇರಲಿ, ಆ ಹುದ್ದೆ ನಾವಿಕರು ಆಡುತ್ತಿದ್ದ ಮಾತಿನಲ್ಲೇ ಇರಲಿ: ಸಾರಂಗ, ಅವನ ಕೈಕೆಳಗಿನ ತಾಂಡೇಲ, ಚುಕ್ಕಾಣಿ ಹಿಡಿಯುವ ಸುಕಾಣಿ, ದಾಸ್ತಾನು ನೋಡಿಕೊಳ್ಳುವ ಕಸಬ, ಖಲಾಸಿ, ಒಲೆ ಉರಿಸುವ ಆಗ್‌ವಾಲಾ, ಎಣ್ಣೆ ಹಾಕುವ ತೇಲ್‌ವಾಲಾ, ಅಡುಗೆ ಮಾಡುವ ಭಂಡಾರಿ, ಗುಡಿಸಿ ತೊಳೆಯುವ ಟೋಪಾಸ್. ಇವನ್ನೆಲ್ಲ ‘ಸಿಬ್ಬಂದಿ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಹಡಗು ಹೇಗೆ ನಡೆಯುತ್ತಿತ್ತೆಂಬುದೇ ಅಳಿಸಿಹೋಗುತ್ತದೆ. ನಮ್ಮ ಕರಾವಳಿಯ ಮೀನುದೋಣಿಗಳಲ್ಲಿ ತಾಂಡೇಲ ಎಂಬ ಮಾತು ಇನ್ನೂ ಜೀವಂತವಿದೆ. ಓದುವವರಿಗೆ ಅದು ಪರಕೀಯ ಅನ್ನಿಸುವುದಿಲ್ಲ.

ಪಟ್ಟಿಯನ್ನು ಸರಿಪಡಿಸಲು ಬೇಕಾದ ಮೂಲ ದಾಖಲೆ ಎರಡು ಕಡೆ ಹುಡುಕಬೇಕು. ಪ್ರತಿ ಯಾನಕ್ಕೆ ಮೊದಲು ನಾವಿಕರು ಸಹಿ ಅಥವಾ ಹೆಬ್ಬೆಟ್ಟು ಹಾಕುತ್ತಿದ್ದ ಕರಾರುಪತ್ರದಲ್ಲಿ ವಯಸ್ಸು, ಊರು, ಸಂಬಳ, ಹಿಂದಿನ ಹಡಗು ನಮೂದಾಗುತ್ತಿದ್ದವು. ಬ್ರಿಟಿಷ್ ನೋಂದಣಿಯ ಹಡಗುಗಳ ಯುದ್ಧಕಾಲದ ಇಂಥ ಕಾಗದಗಳೂ, ಯಾವ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತೆಂದು ತೋರಿಸುವ ಸಂಚಾರ ಕಾರ್ಡುಗಳೂ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ರೋಹ್ನಾದ ಕಾಗದಗಳ ಪ್ರತಿ ತರಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ಇನ್ನೊಂದು ಕಡೆ ತಮ್ಮ ಅಧೀನದ ಮುಂಬೈ, ಕೋಲ್ಕತ್ತ, ಚೆನ್ನೈ ಶಿಪ್ಪಿಂಗ್ ಮಾಸ್ಟರ್ ಕಚೇರಿಗಳು. ಅಲ್ಲಿ 1947ಕ್ಕೆ ಮೊದಲಿನ ನಾವಿಕರ ನೋಂದಣಿ ಪುಸ್ತಕಗಳಲ್ಲಿ ಉಳಿದಿರುವುದನ್ನು ಪಟ್ಟಿಮಾಡಿಸಿ, ಗೆದ್ದಲು, ತೇವ ತಗುಲುವ ಮೊದಲು ಸ್ಕ್ಯಾನ್ ಮಾಡಿಸಬೇಕು. ಹಳೆಯ ಕಡತ ವಿಲೇವಾರಿ ಮಾಡುವ ಆದೇಶ ಹೊರಡಿಸುವಾಗ ಈ ಪುಸ್ತಕಗಳನ್ನು ಹೊರಗಿಡುವಂತೆ ಒಂದು ಸಾಲಿನ ಸುತ್ತೋಲೆ ಇಂದೇ ಹೊರಡಲಿ. ಉಳಿದ ಎಲ್ಲ ಕೆಲಸ ತಡವಾದರೂ ನಡೆದೀತು, ಇದು ತಡವಾದರೆ ಆಗದು.

ಗುಜರಾತಿನ ಲೋಥಲ್‌ನಲ್ಲಿ ತಮ್ಮ ಸಚಿವಾಲಯ ಕಟ್ಟಿಸುತ್ತಿರುವ ರಾಷ್ಟ್ರೀಯ ನೌಕಾ ಪರಂಪರೆ ಸಂಕೀರ್ಣದಲ್ಲಿ ರೋಹ್ನಾಕ್ಕೆ ಜಾಗ ಕೊಡಿ. ಸಿಂಧೂ ಕಾಲದ ಹಡಗುಕಟ್ಟೆಯನ್ನು ತೋರಿಸುವ ಊರಿನಲ್ಲಿ ಇಪ್ಪತ್ತನೇ ಶತಮಾನದ ಖಲಾಸಿಯೂ ಕಾಣಬೇಕಲ್ಲವೇ? ಮದರಾಸು-ಸಿಂಗಪುರ ಮಾರ್ಗದ ಡೆಕ್ ಪ್ರಯಾಣ, 1940ರ ಮಾರ್ಪಾಡು, ದೋಣಿ ಇಳಿಸುವ ರಾಟೆಯ ಒಂದು ಮಾದರಿ, ಹೆಸರುಗಳ ಪೂರ್ಣ ಪಟ್ಟಿ, ಇಷ್ಟಿದ್ದರೆ ಸಾಕು. ಜೋಡಿ ಹಡಗು ರಾಜುಲಾ ಯುದ್ಧವನ್ನು ದಾಟಿ ಉಳಿಯಿತು. 1973ರಲ್ಲಿ ಅದನ್ನು ಕೊಂಡದ್ದು ನಮ್ಮದೇ ಭಾರತೀಯ ಹಡಗು ನಿಗಮ. ‘ರಂಗತ್’ ಎಂಬ ಹೊಸ ಹೆಸರು ಹೊತ್ತು, ಮರುವರ್ಷ ಮುಂಬೈಯಲ್ಲಿ ಒಡೆಯಲು ಹೋಯಿತು. ಒಂದೇ ಮಾರ್ಗಕ್ಕೆ ಕಟ್ಟಿದ ಆ ಹಡಗಿನ ನಕ್ಷೆ, ಛಾಯಾಚಿತ್ರ, ಸಾಮಗ್ರಿಗಳಲ್ಲಿ ನಿಗಮದ ಬಳಿ ಉಳಿದಿರುವುದನ್ನೆಲ್ಲ ಈ ಪ್ರದರ್ಶನಕ್ಕೆ ಕೊಡುವಂತೆ ತಾವು ಸೂಚಿಸಬಹುದು.

ಕೊನೆಯ ಕೋರಿಕೆ ದಿನದ ಬಗ್ಗೆ. ನವೆಂಬರ್ 26 ಮುಂಬೈ ಮಟ್ಟಿಗೆ ಈಗಾಗಲೇ ಭಾರವಾದ ದಿನ. ಆ ದಿನವೇ ಇನ್ನೊಂದು ಸಭೆ ಕೇಳುವುದು ಸರಿಯಲ್ಲ. ಏಪ್ರಿಲ್ 5 ರಾಷ್ಟ್ರೀಯ ನೌಕಾಯಾನ ದಿನ. ಪ್ರತಿ ವರ್ಷ ಭಾಷಣ, ಪ್ರಶಸ್ತಿ ನಡೆಯುತ್ತವೆ. ಮುಂದಿನ ಏಪ್ರಿಲ್ 5ರಂದು ಸೈಲರ್ಸ್ ಹೋಮ್‌ನಲ್ಲಿ ರೋಹ್ನಾದ 117 ಹೆಸರುಗಳನ್ನು ಒಂದೊಂದಾಗಿ, ಹುದ್ದೆ ಮತ್ತು ಊರಿನ ಸಮೇತ, ಗಟ್ಟಿಯಾಗಿ ಓದಿಸಿ. ಹದಿನೈದು ನಿಮಿಷ ಸಾಕು. ಅಮೆರಿಕದ ದೂತಾವಾಸದವರನ್ನೂ ಕರೆಯಿರಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಗೌರವಪೂರ್ವಕವಾಗಿ,
ವ್ಯಾಪಾರಿ ನೌಕಾಯಾನದ ಇತಿಹಾಸವನ್ನು ಅಭ್ಯಸಿಸುತ್ತಿರುವ ಕನ್ನಡಿಗರು